ಕಣ್ಣಿನ ಅರ್ಪಣ

ಲಿಂಗವನ್ನು ಧರಿಸಿದ ಭಕ್ತನಿಗೆ ಇಂದ್ರಿಯಗಳು ತನ್ನವಲ್ಲ. ಷಟ್‌ಸ್ಥಲದ ಕ್ರಮವನ್ನು ಅರಿತವರು ಇದನ್ನು ಬಲ್ಲರು. ನಾಸಿಕದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಒಂದೊಂದು ಮುಖಕ್ಕೆ ಒಂದೊಂದು ಪದಾರ್ಥ. ಮೂಗಿಗೆ ಗಂಧವಿದ್ದಂತೆ, ನಾಲಗೆಗೆ ರುಚಿಯಿದ್ದಂತೆ, ಕಣ್ಣಿಗೆ ರೂಪು. ಬಂದ ಪದಾರ್ಥವನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಬಳಿಕ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ಶರಣರು ಹಾಕಿಕೊಟ್ಟ ಮಾರ್ಗ. ತುತ್ತಿನ ವಿಷಯದಲ್ಲಿ ಈ ಎಚ್ಚರ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟೆಯ ಅಂಚಿಗೆ ಸರಿಸುವವರುಂಟು. ಆದರೆ ಕಣ್ಣಿಗೆ ಬಡಿಸಿದ್ದನ್ನು ಯಾರು ಆರಿಸಿ ನೋಡುತ್ತಾರೆ? ಅದು ಚಿತ್ರಮಂದಿರದ ಪರದೆಯಿಂದಲೂ ಬರುತ್ತದೆ. ಅಂಗೈಯೊಳಗಿನ ಮೊಬೈಲಿನಿಂದಲೂ ಬರುತ್ತದೆ. ಲಿಂಗ ಕುಳಿತುಕೊಳ್ಳುವ ಅಂಗೈಯೂ ಅದೇ ಎಂಬುದನ್ನು ಹಲವರು ಮರೆತಿದ್ದಾರೆ.

ದೃಷ್ಟಾಂತಕ್ಕಾಗಿ ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಸದ್ಭಕ್ತರ ಮನೆಯನ್ನು ಭಾವಿಸಿಕೊಳ್ಳಬಹುದು. ಕಾಲೇಜಿಗೆ ಹೋಗುವ ಮಗನು ಭಾನುವಾರ ಗೆಳೆಯರೊಡನೆ ಒಂದು ಚಿತ್ರಕ್ಕೆ ಹೊರಟಿದ್ದಾನೆ. ಅದರಲ್ಲಿ ಕಡಿದಾಟವೇ ಹೆಚ್ಚೆಂದು ಕೇಳಿದ ತಂದೆಯವರು ಬೇಡವೆಂದರು. ಮಗನು ಎದುರಾಡುವ ಸ್ವಭಾವದವನಲ್ಲ. ಆದರೂ ಅಂದು ಕೇಳಿಯೇ ಬಿಟ್ಟನು:

“ಅಪ್ಪಾಜಿ, ನನಗೆ ಆರು ವರ್ಷವಾಗಿದ್ದಾಗ ನೀವೇ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಗ್ಗಳ ತೋರಿಸಿದಿರಿ. ಅಲ್ಲಿ ಕೆನ್ನೆಗೆ ಶಸ್ತ್ರ ಹಾಕಿಸಿಕೊಂಡರು. ಕತ್ತಿ ಹಿಡಿದವರು ದಕ್ಷನ ತಲೆ ಕಡಿದ ಕಥೆಯನ್ನು ಕೂಗಿ ಹೇಳಿದರು. ಅದು ಆಗಬಹುದಾದರೆ ಇದು ಯಾಕಾಗಬಾರದು?”

ತಂದೆಯವರು “ಅದು ದೇವರ ಕಾರ್ಯ” ಎಂದರು. ಆ ಉತ್ತರ ಮಗನಿಗೂ ಸಾಲಲಿಲ್ಲ, ಅವರಿಗೂ ಸಾಲಲಿಲ್ಲ.

ಈ ಪ್ರಶ್ನೆ ಉಡಾಫೆಯದಲ್ಲ. ಶಿವಮೊಗ್ಗೆಯಲ್ಲಿ ಚಿತ್ರಮಂದಿರಗಳಿಗೂ ವೀರಭದ್ರೇಶ್ವರ, ಮಲ್ಲಿಕಾರ್ಜುನ ಎಂಬ ಶಿವನಾಮಗಳುಂಟು. ಹೆಸರು ಒಂದೇ ಆದರೂ ಗುಡಿಯೊಳಗಿನ ಕತ್ತಿಗೂ ಪರದೆಯ ಮೇಲಿನ ಕತ್ತಿಗೂ ಭೇದವೇನೆಂಬುದನ್ನು ಹೇಳಬೇಕಾದ ಹೊಣೆ ಹಿರಿಯರ ಮೇಲಿದೆ. ರಕ್ತದ ಪ್ರಮಾಣವನ್ನು ಅಳೆದು ಹೇಳುವಂತಿಲ್ಲ. ಹಾಗೆ ಅಳೆಯಲು ಹೊರಟರೆ ಶೈವ ಪುರಾಣಗಳ ಅರ್ಧ ಭಾಗವನ್ನೇ ಮುಚ್ಚಿಡಬೇಕಾದೀತು.

ವೀರಭದ್ರನ ಕಥೆಯನ್ನೇ ನೋಡಬಹುದು. ವೀರಗಾಸೆಯವನ ಒಡಪು ಕೇಳಿ, ಅವನ ಕೆಂಗಣ್ಣು ಕಂಡು ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ. ಯಜ್ಞಧ್ವಂಸವಾಗುತ್ತದೆ, ದಕ್ಷನ ಶಿರಸ್ಸು ಬೀಳುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಟಗರಿನ ತಲೆ ಹತ್ತಿಸಿಕೊಂಡು ದಕ್ಷನು ಮತ್ತೆ ಏಳುತ್ತಾನೆ. ವೀರಭದ್ರನ ಮೂರ್ತಿಯ ಪಕ್ಕದಲ್ಲಿ, ಮೊಣಕಾಲೆತ್ತರಕ್ಕೆ, ಆ ಟಗರಿನ ತಲೆಯ ದಕ್ಷನು ಕೈಮುಗಿದು ನಿಂತಿರುವುದನ್ನು ಗುಡಿಗೆ ಹೋದವರೆಲ್ಲ ಕಂಡಿರುತ್ತಾರೆ, ಕಂಡೂ ಯೋಚಿಸಿರುವುದಿಲ್ಲ. ಕಡಿದವನ ಮೂರ್ತಿಯನ್ನು ಕಂಡರಿಸಿದ ಶಿಲ್ಪಿ ಕಡಿಸಿಕೊಂಡವನನ್ನು ಬಿಟ್ಟುಬಿಡಲಿಲ್ಲ. ಮಂಗಳಾರತಿಯ ಬೆಳಕು ಇಬ್ಬರ ಮೇಲೂ ಬೀಳುತ್ತದೆ. ಇಂದಿನ ಎಷ್ಟು ಚಿತ್ರಗಳಲ್ಲಿ ನಾಯಕನು ಕೆಡವಿದವರ ಮುಖವು ಇನ್ನೊಮ್ಮೆ ಕಾಣುತ್ತದೆ? ಹತ್ತು ಮಂದಿ ಗಾಳಿಯಲ್ಲಿ ಹಾರಿ ಬೀಳುತ್ತಾರೆ. ಅವರಿಗೆ ಹೆಸರಿಲ್ಲ, ತಾಯಿಯಿಲ್ಲ. ಬಿದ್ದ ಮೇಲೆ ಹೆಣವನ್ನು ಎತ್ತುವವರೂ ಇಲ್ಲ.

ಇನ್ನು ಕಣ್ಣಪ್ಪ. ಹರಿಹರನು ರಗಳೆಯಲ್ಲಿ ಹಾಡಿದ ಈ ಬೇಡನ ಕಥೆ 1954ರಲ್ಲಿ ‘ಬೇಡರ ಕಣ್ಣಪ್ಪ’ ಎಂಬ ಚಲಚ್ಚಿತ್ರವಾಯಿತು. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ ಆ ಚಿತ್ರದಿಂದಲೇ ರಾಜಕುಮಾರ್ ನಾಯಕನಟರಾದರು. ಕಾಳಹಸ್ತಿಯ ಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡ ಬೇಡನು ಬಾಣದಿಂದ ತನ್ನ ಕಣ್ಣನ್ನು ಕಿತ್ತು ಅಲ್ಲಿಗೆ ಒತ್ತುತ್ತಾನೆ. ಇನ್ನೊಂದು ಕಣ್ಣೂ ಸೋರತೊಡಗಿದಾಗ, ಎರಡನೆಯದನ್ನೂ ಕೀಳುವ ಮೊದಲು ಜಾಗದ ಗುರುತು ತಪ್ಪದಿರಲೆಂದು ಅಲ್ಲಿ ಕಾಲಿಟ್ಟುಕೊಳ್ಳುತ್ತಾನೆ. ಇದಕ್ಕಿಂತ ಉಗ್ರವಾದ ದೃಶ್ಯ ಯಾವುದಿದ್ದೀತು? ಆದರೂ ಮನೆಮಂದಿಯೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರು, ಅತ್ತರು. ಚಿತ್ರ ಕಪ್ಪುಬಿಳುಪಿನದಾದುದರಿಂದ ರಕ್ತ ಕೆಂಪಾಗಿ ಕಾಣಲಿಲ್ಲವೆಂದು ಒಬ್ಬರು ಹೇಳಿಯಾರು. ಅದು ನಿಜವಾದ ಕಾರಣವಲ್ಲ. ಆ ನೋವು ಬೇಡನು ತಾನೇ ವಹಿಸಿಕೊಂಡದ್ದು, ಇನ್ನೊಬ್ಬರ ಮೈಮೇಲೆ ಹೊರಿಸಿದ್ದಲ್ಲ. ಅದನ್ನು ನೋಡಿ ಮನೆಗೆ ಬಂದ ಬಾಲಕನಿಗೆ ಯಾರನ್ನೂ ಹೊಡೆಯಬೇಕೆನಿಸಲಿಲ್ಲ.

ತಾನೇ ವಹಿಸಿಕೊಂಡ ನೋವಿನ ಮಾತು ಹೀಗಾಯಿತು. ಅನ್ಯರು ಮಾಡಿದ ಕ್ರೌರ್ಯವನ್ನು ತೋರಿಸಬಹುದೇ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಕಲ್ಯಾಣದ ಇತಿಹಾಸವೇ ಇಲ್ಲಿ ಎದುರಿಗೆ ನಿಲ್ಲುತ್ತದೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದುದಕ್ಕಾಗಿ ಬಿಜ್ಜಳನು ಆ ಇಬ್ಬರು ತಂದೆಯರ ಕಣ್ಣು ಕೀಳಿಸಿದನೆಂದೂ, ಆನೆಯ ಕಾಲಿಗೆ ಕಟ್ಟಿಸಿ ಎಳೆಹೂಟೆಯ ಶಿಕ್ಷೆ ಕೊಡಿಸಿದನೆಂದೂ ಪರಂಪರೆಯ ಕಥನಗಳು ಹೇಳುತ್ತವೆ. ಇದನ್ನು ರಂಗಕ್ಕೋ ಪರದೆಗೋ ತರುವವನು ಸೌಮ್ಯತೆಯ ಹೆಸರಿನಲ್ಲಿ ಎಳೆಹೂಟೆಯನ್ನು ಬಿಟ್ಟುಬಿಟ್ಟರೆ ಅದರಿಂದ ಯಾರಿಗೆ ಉಪಕಾರ? ಹರಳಯ್ಯನವರಿಗಂತೂ ಅಲ್ಲ. ಕಲ್ಲುಮಣ್ಣಿನ ಮೇಲೆ ಸವೆದ ಆ ಮೈಯನ್ನು ಮರೆಮಾಡಿದರೆ, ಒಂದು ಮದುವೆಗೆ ಶರಣರು ತೆತ್ತ ಬೆಲೆಯೇ ಮರೆಯಾಗುತ್ತದೆ. ಇಲ್ಲಿ ನೋಡದಿರುವುದೇ ದೋಷವಾದೀತು.

ಶಿವಮೊಗ್ಗ ಜಿಲ್ಲೆಗೆ ಇಂಥ ಇನ್ನೊಂದು ಹೊಣೆಯೂ ಇದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ ಹಳ್ಳಿ. ಆ ವರ್ಷದ ಸಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಹತರಾದರು. ಬಳಿಕ ಸರಕಾರದ ದಂಡು ಹಳ್ಳಿಯನ್ನು ಹೊಕ್ಕಿತು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ಚಿತ್ರ ಮಾಡುವವನು ನೇಣಿನ ಹಗ್ಗವನ್ನು ತೋರಿಸಲೇಬೇಕು. ಹಾಗೆಯೇ, ಗುಂಪಿನ ನಡುವೆ ಸಿಕ್ಕಿಬಿದ್ದ ಆ ಇಬ್ಬರು ಅಧಿಕಾರಿಗಳ ಕೊನೆಯ ಗಳಿಗೆಯನ್ನೂ, ಜಯಘೋಷದ ಸಂಗೀತವಿಲ್ಲದೆ, ತೋರಿಸುವ ಧೈರ್ಯ ಅವನಿಗೆ ಬೇಕು. ಅವರೂ ಕನ್ನಡದ ತಾಯಂದಿರ ಮಕ್ಕಳೇ ಆಗಿದ್ದರು. ಇದನ್ನು ಹೇಳಿದರೆ ಐವರ ತ್ಯಾಗಕ್ಕೆ ಕುಂದು ಬಾರದು.

ದೇಶದ ನ್ಯಾಯಾಲಯಗಳೂ ಈ ಹಾದಿಯಲ್ಲಿ ವಿಚಾರ ಮಾಡಿವೆ. ದೇಶವಿಭಜನೆಯ ಹತ್ಯಾಕಾಂಡವನ್ನು ಕುರಿತು ಭೀಷ್ಮ ಸಾಹನಿಯವರು ಬರೆದ ‘ತಮಸ್’ ಕಾದಂಬರಿಯನ್ನು ಗೋವಿಂದ ನಿಹಲಾನಿಯವರು ದೂರದರ್ಶನಕ್ಕೆ ತಂದಾಗ, ಇದು ಗಲಭೆ ಎಬ್ಬಿಸೀತೆಂದು ದೂರು ಹೋಯಿತು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಲೊಪ್ಪಲಿಲ್ಲ. ಇಂಥ ಕೃತಿಯನ್ನು ವಿವೇಕವೂ ದೃಢಚಿತ್ತವೂ ಉಳ್ಳ ಮನುಷ್ಯನ ಕಣ್ಣಿನಿಂದ ಅಳೆಯಬೇಕೇ ಹೊರತು ಎಲ್ಲದಕ್ಕೂ ಅಂಜುವವನ ಕಣ್ಣಿನಿಂದಲ್ಲ ಎಂಬುದು ಅದರ ಅಭಿಪ್ರಾಯದ ಸಾರ. ಫೂಲನ್ ದೇವಿಯ ಬದುಕನ್ನು ಕುರಿತ ‘ಬ್ಯಾಂಡಿಟ್ ಕ್ವೀನ್’ ಚಿತ್ರದ ವಿಷಯದಲ್ಲಿ 1996ರಲ್ಲಿ ಅದೇ ನ್ಯಾಯಾಲಯವು, ಆ ಹೆಣ್ಣಿನ ಮೇಲೆ ನಡೆದ ಅತ್ಯಾಚಾರದ ದೃಶ್ಯಗಳು ನೋಡುವವನಲ್ಲಿ ಕಾಮವನ್ನು ಕೆರಳಿಸುವುದಿಲ್ಲ, ದುಷ್ಟರ ಮೇಲೆ ಹೇಸಿಗೆಯನ್ನೂ ಅವಳ ಮೇಲೆ ಕರುಣೆಯನ್ನೂ ಹುಟ್ಟಿಸುತ್ತವೆ, ಚಿತ್ರವನ್ನು ಇಡಿಯಾಗಿ ನೋಡಬೇಕು ಎಂಬರ್ಥದಲ್ಲಿ ತೀರ್ಪಿತ್ತಿತು. ಈ ತೀರ್ಪು ಸರಿಯೆಂದೇ ತೋರುತ್ತದೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ಆ ಚಿತ್ರವನ್ನು ತಡೆಯಬೇಕೆಂದು 1994ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವಳು ಸ್ವತಃ ಫೂಲನ್ ದೇವಿ. ನೊಂದವಳು ಬದುಕಿರುವಾಗ, ಅವಳ ಮನಸ್ಸಿಗೆ ವಿರುದ್ಧವಾಗಿ ಅವಳ ನೋವನ್ನು ಪರದೆಗೆ ಹಿಗ್ಗಿಸಿದರೆ, ಉದ್ದೇಶವೆಷ್ಟು ಶುದ್ಧವಾದರೂ ಅದು ಅವಳ ಪಾಲಿಗೆ ಎರಡನೆಯ ಗಾಯ. ಕಲೆಯ ಸ್ವಾತಂತ್ರ್ಯವನ್ನು ಮೆಚ್ಚುವವರು ಈ ಮಾತನ್ನು ಬೇಗ ದಾಟಿಬಿಡುತ್ತಾರೆ.

ತೀರ್ಥಹಳ್ಳಿ ಸೀಮೆಯವರಾದ ಗಿರೀಶ ಕಾಸರವಳ್ಳಿಯವರು ಅದೇ ಸೀಮೆಯ ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ‘ಘಟಶ್ರಾದ್ಧ’ವನ್ನು ಮಾಡಿದರು. ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ದೊರೆಯಿತು. 2024ರಲ್ಲಿ ಅದರ ಜೀರ್ಣೋದ್ಧಾರಗೊಂಡ ಪ್ರತಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಅಲ್ಲಿ ಕತ್ತಿಯಿಲ್ಲ. ಗರ್ಭಿಣಿಯಾದ ವಿಧವೆ ಯಮುನೆಗೆ ಹೆತ್ತ ತಂದೆಯೇ, ಅವಳು ಬದುಕಿರುವಾಗಲೇ, ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಅವಳನ್ನು ಬಿಟ್ಟು ಪುಟ್ಟ ವಟು ನಾಣಿ ತನ್ನ ತಂದೆಯೊಡನೆ ಹೊರಟುಹೋಗಬೇಕಾಗುತ್ತದೆ. ನೂರು ತಲೆ ಉರುಳಿದ ಚಿತ್ರವೂ ಆ ಮಡಕೆಯ ಸದ್ದಿನಷ್ಟು ಭಯಂಕರವಾಗಲಾರದು. ಇದಕ್ಕೆ ನಾಲ್ಕು ವರ್ಷ ಮೊದಲು ಬಂದ ಗಿರೀಶ ಕಾರ್ನಾಡರ ‘ಕಾಡು’ ಚಿತ್ರದಲ್ಲಿ ಎರಡು ಹಳ್ಳಿಗಳ ವೈರ ನಿಜವಾದ ರಕ್ತದಲ್ಲಿಯೇ ಮುಗಿಯುತ್ತದೆ. ಅದನ್ನೂ ನೋಡುವವನು ಕಿಟ್ಟಿ ಎಂಬ ಬಾಲಕ. ಎರಡು ಚಿತ್ರಗಳಲ್ಲಿಯೂ ಕ್ರೌರ್ಯವು ಒಂದು ಮಗುವಿನ ಕಣ್ಣಿನೊಳಗಿಂದ ಹಾದು ಬರುತ್ತದೆ. ತಡೆಯಲಾರದೆ, ಅರ್ಥಮಾಡಿಕೊಳ್ಳಲಾರದೆ ನಿಂತ ಆ ಕಣ್ಣಿನ ಜಾಗದಲ್ಲಿ ಪ್ರೇಕ್ಷಕನನ್ನು ನಿಲ್ಲಿಸುತ್ತಾರೆ. ಅಂಥ ರೂಪನ್ನು ಅರ್ಪಿಸಬಹುದು. ಹೂವಿನಂತೆ ಸಂತೋಷದಿಂದಲ್ಲ; ನೊಂದ ಜೀವವನ್ನು ಮಡಿಲಲ್ಲಿ ತಂದು ಶಿವನ ಮುಂದೆ ಇರಿಸಿದಂತೆ.

ಈಗ ಅರ್ಪಿಸಲಾಗದ ರೂಪಿನ ಮಾತು. ಆ ಭಾನುವಾರ ಮಗನನ್ನು ಚಿತ್ರಕ್ಕೆ ಕಳುಹಿಸದ ತಂದೆಯವರು ಅವನನ್ನು ಕರೆದುಕೊಂಡು ಭದ್ರಾವತಿಗೆ ಹೋದರೆಂದು ಇಟ್ಟುಕೊಳ್ಳಬಹುದು. ಅಲ್ಲಿ ಹುಡುಗನ ಸೋದರಮಾವನಿದ್ದಾರೆ. 1923ರಲ್ಲಿ ಇದ್ದಿಲಿನ ಕುಲುಮೆ ಹೊತ್ತಿಸಿ ಕಬ್ಬಿಣ ಕರಗಿಸಲಾರಂಭಿಸಿದ ಆ ಊರಿನ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಊಟವಾದ ಮೇಲೆ ಮಾತು ಮತ್ತೆ ಚಿತ್ರದ ಕಡೆಗೆ ತಿರುಗಿತು. 2022ರಲ್ಲಿ ಬಂದ ‘ಕೆ.ಜಿ.ಎಫ್.’ ಎರಡನೆಯ ಭಾಗದ ಒಂದು ದೃಶ್ಯವನ್ನು ಹುಡುಗನು ಉತ್ಸಾಹದಿಂದ ವರ್ಣಿಸಿದನು. ನಾಯಕನು ದೊಡ್ಡ ಯಂತ್ರಬಂದೂಕಿನಿಂದ ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆಗರೆಯುತ್ತಾನೆ. ಬಳಿಕ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಚಿತ್ರಮಂದಿರವೆಲ್ಲ ಸಿಳ್ಳೆ.

ಮಾವನವರು ನಕ್ಕರು. ಆಮೇಲೆ ತೋಳನ್ನು ಮೇಲೇರಿಸಿ, ಮೊಣಕೈಯ ಹತ್ತಿರ ಹೊಳೆಯುವ ಹಳೆಯ ಸುಟ್ಟ ಕಲೆಯನ್ನು ತೋರಿಸಿದರು.

“ಸಿಡಿದದ್ದು ಕಡಲೆಕಾಳಿನಷ್ಟು ಕಬ್ಬಿಣ ಕಣಪ್ಪ. ಆರು ವಾರ ಈ ಕೈಯಲ್ಲಿ ತುತ್ತು ಎತ್ತಲಿಲ್ಲ. ನಿಮ್ಮತ್ತೆ ತಿನ್ನಿಸಿದಳು. ಕೆಂಪಗೆ ಕಾದ ಕಬ್ಬಿಣದ ಹತ್ತಿರ ನಿಂತರೆ ಸಿಗರೇಟಿನ ನೆನಪು ಬರುವುದಿಲ್ಲ. ಮನೆಯ ನೆನಪು ಬರುತ್ತದೆ.”

ಹುಡುಗನು ಆ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದನು. ಅದರ ಮೇಲಿನ ಚರ್ಮ ಕಾಗದದಂತೆ ತೆಳುವಾಗಿತ್ತು.

ಉತ್ತರ ಬಹುಮಟ್ಟಿಗೆ ಆ ತೋಳಿನ ಮೇಲೆಯೇ ಇದೆ. ಬೆಂಕಿ ಇದೆ, ಸುಡುವುದಿಲ್ಲ; ಪೆಟ್ಟು ಇದೆ, ನೋಯುವುದಿಲ್ಲ; ಸಾವು ಇದೆ, ಅಳುವವರಿಲ್ಲ ಎಂಬಂಥ ಚಿತ್ರ ಮೊದಲನೆಯದಾಗಿ ಸುಳ್ಳು ಹೇಳುತ್ತದೆ. ಹುಸಿಯನ್ನು ನುಡಿಯಬಾರದೆಂಬ ಶೀಲ ಬಾಯಿಗೆ ಮಾತ್ರ ವಿಧಿಸಿದ್ದಲ್ಲ. ನೋವನ್ನು ತೆಗೆದುಹಾಕಿ ಹೊಡೆಯುವ ಕೈಯನ್ನು ಮಾತ್ರ ಶೃಂಗರಿಸಿದಾಗ, ನೋಡುವವನ ಮನಸ್ಸು ಹೊಡೆಯುವವನ ಕೈಯೊಳಗೆ ಹೋಗಿ ಕೂರುತ್ತದೆ. ದಯೆ ಹುಟ್ಟಬೇಕಾದ ಸ್ಥಳದಲ್ಲಿ ಸಿಳ್ಳೆ ಹುಟ್ಟುತ್ತದೆ. ಸಕಲ ಜೀವಿಗಳಲ್ಲಿಯೂ ದಯೆಯನ್ನೇ ಧರ್ಮದ ಬೇರೆಂದು ಸಾರಿದ ಅಣ್ಣನವರ ಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ.

ಚಿತ್ರ ಮಾಡುವವರ ಉದ್ದೇಶ ಕೆಟ್ಟದ್ದೆಂದು ಹೇಳಿ ಮುಗಿಸುವುದೂ ನ್ಯಾಯವಲ್ಲ. 1995ರಲ್ಲಿ ಉಪೇಂದ್ರರು ನಿರ್ದೇಶಿಸಿದ ‘ಓಂ’ ಚಿತ್ರವು ಪುರೋಹಿತರ ಮನೆಯ ಮಗನೊಬ್ಬ ರೌಡಿಯಾಗುವ ಕಥೆ. ಬೆಂಗಳೂರಿನ ನಿಜವಾದ ರೌಡಿಗಳೇ ಕೆಲವರು ಅದರಲ್ಲಿ ಕಾಣಿಸಿಕೊಂಡರು. ಆ ದಾರಿಯ ದುಃಖವನ್ನು ಕಥೆ ಮರೆಮಾಚಿತೆನ್ನಲಾಗದು. ಆದರೆ ನೋಡಿದವರಲ್ಲಿ ಅನೇಕರು ದುಃಖವನ್ನು ಮಂದಿರದಲ್ಲಿಯೇ ಬಿಟ್ಟು, ಲಾಂಗು ಹಿಡಿಯುವ ಠೀವಿಯನ್ನು ಮಾತ್ರ ಮನೆಗೆ ತಂದರು. ಬಿತ್ತಿದವನು ಒಂದು ನೆನೆದು ಬಿತ್ತಿದರೂ, ಹೊಲ ತನ್ನ ಗುಣದಂತೆಯೇ ಬೆಳೆಯುತ್ತದೆ.

ಶಿವಮೊಗ್ಗದ ಹೊಲ ಯಾವುದೆಂಬುದನ್ನೂ ಇಲ್ಲಿ ನೆನೆಯಬೇಕು. 2022ರ ಫೆಬ್ರುವರಿಯಲ್ಲಿ ನಗರದಲ್ಲಿ ಒಬ್ಬ ತರುಣನ ಕೊಲೆಯಾಗಿ, ಕಲ್ಲುತೂರಾಟ ನಡೆದು, ವಾಹನಗಳಿಗೆ ಬೆಂಕಿ ಬಿದ್ದು, ನಿಷೇಧಾಜ್ಞೆ ಜಾರಿಯಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮತ್ತೊಮ್ಮೆ ಚೂರಿ, ಮತ್ತೊಮ್ಮೆ ನಿಷೇಧಾಜ್ಞೆ. ನಿಜವಾದ ಹೊಡೆದಾಟದ ತುಣುಕುಗಳಿಗೆ ಚಿತ್ರದ ಹಿನ್ನೆಲೆ ಸಂಗೀತವನ್ನು ಜೋಡಿಸಿ ಮೊಬೈಲಿನಿಂದ ಮೊಬೈಲಿಗೆ ಹಂಚುವ ಚಾಳಿ ಇಂದು ಎಲ್ಲೆಡೆ ಹಬ್ಬಿದೆ. ಎಲ್ಲಿಯೋ ಒಬ್ಬ ತಾಯಿಯ ಮಗ ನೆಲದ ಮೇಲೆ ಒದ್ದಾಡುತ್ತಿರುತ್ತಾನೆ. ಮೇಲೆ ನಾಯಕನ ಪ್ರವೇಶದ ಡೋಲು. ಪರದೆಯ ಸುಳ್ಳು ಬೀದಿಯ ಸತ್ಯದ ಮೇಲೆ ಹೀಗೆ ಲೇಪವಾದಾಗ, ಚಿತ್ರ ಬರೇ ಚಿತ್ರವೆಂಬ ಸಮಾಧಾನ ಉಳಿಯುವುದಿಲ್ಲ. ಅಂಥ ತುಣುಕನ್ನು ಅಳಿಸದೆ ಮುಂದಕ್ಕೆ ಕಳುಹಿಸಿದವನೂ ಆ ಪೆಟ್ಟಿನಲ್ಲಿ ಕೈಸೇರಿಸಿದಂತೆಯೇ.

ರಕ್ತವೇ ಇಲ್ಲದ ಹಿಂಸೆಯೊಂದುಂಟು; ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗರ್ವದ ಹೆಂಡತಿಗೆ ಗಂಡನು ಕೆನ್ನೆಗೆ ಬಾರಿಸುತ್ತಾನೆ, ಅವಳು ಮರುಗಳಿಗೆಯಲ್ಲಿ ಪತಿವ್ರತೆಯಾಗುತ್ತಾಳೆ. ಮನೆಮಂದಿಯೆಲ್ಲ ಕೂತು ನೋಡಬಹುದೆಂಬ ಹಳೆಯ ಚಿತ್ರಗಳಲ್ಲಿ ಇದು ಎಷ್ಟು ಸಲ ಬಂದಿದೆಯೋ! ಅಕ್ಕನವರ ಹೆಸರು ಹೇಳುವವರೂ ಅಲ್ಲಿ ನಕ್ಕಿದ್ದಾರೆ. ಆ ನಗೆಯನ್ನು ಲಿಂಗಕ್ಕೆ ಅರ್ಪಿಸಲಾದೀತೇ?

ಕಾನೂನು ತನ್ನ ಮಟ್ಟಿಗೆ ಬೇಲಿ ಹಾಕಿದೆ. 1952ರ ಚಲಚ್ಚಿತ್ರ ಕಾಯಿದೆಯಡಿ ಮಂಡಳಿಯು ಪ್ರಮಾಣಪತ್ರ ಕೊಡುತ್ತದೆ. ಹಿಂಸೆಯನ್ನು ವೈಭವೀಕರಿಸಬಾರದು, ಅನಾವಶ್ಯಕವಾದ ಕ್ರೌರ್ಯವನ್ನು ತೋರಿಸಬಾರದು ಎಂಬುದು 1991ರ ಮಾರ್ಗಸೂಚಿಯಲ್ಲಿಯೇ ಇದೆ. 2023ರ ತಿದ್ದುಪಡಿಯು ‘ಯು.ಎ.’ ವರ್ಗವನ್ನು 7, 13, 16 ಎಂಬ ವಯಸ್ಸುಗಳಿಗೆ ವಿಂಗಡಿಸಿತು. ಆದರೆ ಈ ಅಂಕೆಗಳು ತಂದೆತಾಯಿಗಳಿಗೆ ಕೊಟ್ಟ ಸೂಚನೆಗಳೇ ಹೊರತು ಬಾಗಿಲಲ್ಲಿ ನಿಂತ ಕಾವಲುಗಾರನಲ್ಲ. ನ್ಯಾಯವಾದ ಹಿಂಸೆಯ ಚಿತ್ರಣವೂ ಎಳೆಯ ಮಗುವಿಗೆ ಸಲ್ಲುವುದಿಲ್ಲ. ‘ತಮಸ್’ ಸತ್ಯವಾದರೂ ಏಳು ವರ್ಷದ ಕೂಸಿಗೆ ಅದು ದುಃಸ್ವಪ್ನವೇ. ಬೆಳೆದ ಮಗನಿಗಾದರೆ ‘ಬೇಡ’ ಎಂಬ ಒಂದು ಮಾತು ಸಾಲದು. ತಂದೆಯವರು ಪಕ್ಕದಲ್ಲಿ ಕುಳಿತು ನೋಡಬೇಕು. ಮಗನು ಎಲ್ಲಿ ನಕ್ಕನು, ಎಲ್ಲಿ ಮುಖ ತಿರುಗಿಸಿದನು ಎಂಬುದನ್ನು ಗಮನಿಸಬೇಕು. ತಮ್ಮ ಕೈ ಎಲ್ಲಿ ಚಪ್ಪಾಳೆಗೆ ಎದ್ದಿತೆಂಬುದನ್ನೂ ಗಮನಿಸಬೇಕು. ಇದು ಹೆಚ್ಚು ಕಷ್ಟ.

ಯಾಕೆಂದರೆ ಕಲ್ಯಾಣದ ಕಥೆ ಎಳೆಹೂಟೆಗೆ ಮುಗಿಯುವುದಿಲ್ಲ. 1167ರ ಸುಮಾರಿನ ಆ ದಿನಗಳಲ್ಲಿ ಬಿಜ್ಜಳನೂ ಕೊಲೆಯಾದನು. ಕೊಂದವರು ಜಗದೇವನೂ ಅವನ ಸಂಗಡಿಗರೂ ಎಂದು ಪುರಾಣಗಳು ಹೇಳುತ್ತವೆ. ಬಸವಣ್ಣನವರು ಅಷ್ಟರಲ್ಲಿ ಕಲ್ಯಾಣವನ್ನು ಬಿಟ್ಟು ಸಂಗಮದ ದಾರಿ ಹಿಡಿದಿದ್ದರು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನವರಾಗಿ, ರಾಜಕುಮಾರ್ ಬಿಜ್ಜಳನಾಗಿ ಅಭಿನಯಿಸಿದರು. ಹಳ್ಳಿಗಳ ಬಯಲು ರಂಗಗಳಲ್ಲಿಯೂ ಈ ಕಥೆ ಎಷ್ಟೋ ಬಾರಿ ನಡೆದಿದೆ. ಅಂಥ ನಾಟಕಗಳಲ್ಲಿ ಬಿಜ್ಜಳನು ಬಿದ್ದಾಗ ಭಕ್ತರ ಸಾಲಿನಿಂದ ಎದ್ದ ಸದ್ದು ಯಾವುದು?

ಭದ್ರಾವತಿಯಿಂದ ಹಿಂದಿರುಗಿದ ಆ ಸಂಜೆ ದೃಷ್ಟಾಂತದ ಮನೆಯಲ್ಲಿ ದೀಪ ಹಚ್ಚಿದ್ದಾಯಿತು. ತಂದೆಮಕ್ಕಳು ಪೂಜೆಗೆ ಕುಳಿತರು. ಮಗನು ವಸ್ತ್ರ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮೊದಲು ಕೇಳಿದನು:

“ಅಪ್ಪಾಜಿ, ನೀವು ಸಣ್ಣವರಿದ್ದಾಗ ಊರಿನ ನಾಟಕದಲ್ಲಿ ಬಿಜ್ಜಳ ಸತ್ತಾಗ ಏನು ಮಾಡಿದಿರಿ?”

ತಂದೆಯವರು ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದವರು ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

“ಎದ್ದು ನಿಂತು ಚಪ್ಪಾಳೆ ಹೊಡೆದೆ,” ಎಂದರು. “ಬಿಜ್ಜಳನ ಪಾತ್ರ ಮಾಡಿದವನು ನಮ್ಮ ಮನೆಯ ಪಕ್ಕದವನೇ. ಮರುದಿನ ಬೆಳಿಗ್ಗೆ ಹಾಲು ಕೊಡಲು ಬಂದಾಗ ನಾನು ಅವನ ಮುಖ ನೋಡಲಿಲ್ಲ.”